ಎಳೆಮಕ್ಕಳ ಅಂಗಿ ಮತ್ತು ಕೋಮಳಮ್ಮನ ಕಾನೂನು

ಮೊಮ್ಮಗಳ ಗೆಳತಿಯೊಬ್ಬಳು ಮಕ್ಕಳ ಉಡುಪು ತಯಾರಿಸುವ ಕಂಪನಿಗೆ ಹೊಸದಾಗಿ ಸೇರಿದ್ದಾಳೆ. ಮೊನ್ನೆ ಮನೆಗೆ ಬಂದವಳು, ಗುಂಡಿಗೆ ಒಂದು ನಿಯಮ, ಲಾಡಿಗೆ ಒಂದು ನಿಯಮ, ಚೀಟಿಗೆ ಇನ್ನೊಂದು ನಿಯಮ ಎಂದು ಗೊಣಗಿ, "ಅಜ್ಜಿ, ನಿಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅಲ್ವಾ? ಆರಾಮಾಗಿದ್ರಿ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಸರ್ಕಾರದ ರೂಲ್ಸ್ ಇರಲಿಲ್ಲ ಮಾರಾಯ್ತಿ, ಕೋಮಳಮ್ಮನ ರೂಲ್ಸ್ ಇತ್ತು. ಸರ್ಕಾರದ ಕಣ್ಣಿಗಾದರೂ ಮಣ್ಣೆರಚಬಹುದು!" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ, ಕೂರಿಸಿಕೊಂಡು ಹೇಳಿದೆ. ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಕುರ್ಚಿ ದೊಡ್ಡದಾಯಿತು ಎಂಬುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ.

ಐವತ್ತರ ದಶಕದ ಮದರಾಸು. ನಮ್ಮಪ್ಪ ಟಿ. ನಗರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಅಲ್ಲಿಂದ ಎರಡು ಬೀದಿಯಾಚೆ ಮಕ್ಕಳ ಬಟ್ಟೆಯ ಅಂಗಡಿಯೊಂದಿತ್ತು. ಕೆಳಗೆ ಮಾರಾಟ, ಮಹಡಿಯಲ್ಲಿ ಹೊಲಿಗೆ. ಅದರ ಯಜಮಾನರನ್ನು ಎಲ್ಲರೂ ಮುದಲಾಳಿ ಎಂದೇ ಕರೆಯುತ್ತಿದ್ದರು. ಅವರು ದಿನಾ ಬೆಳಿಗ್ಗೆ ಅಪ್ಪನ ಹೋಟೆಲಿನಲ್ಲಿ ಕಾಫಿ ಕುಡಿಯುವವರು. ಎಸ್.ಎಸ್.ಎಲ್.ಸಿ. ಪಾಸಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಬಟ್ಟೆ ತಪಾಸಣೆಯ ಕೆಲಸಕ್ಕೆ ಕೇಳಿದರು. ಊರಿನಿಂದ ಬಂದಿದ್ದ ದೊಡ್ಡಪ್ಪ ಹೌಹಾರಿದರು. "ಎಂತ ಮಾರಾಯ, ಮಗಳನ್ನು ಲಂಗೋಟಿ ಎಳೆದು ನೋಡುವ ಕೆಲಸಕ್ಕೆ ಕಳಿಸುದಾ?"

ಅಪ್ಪ ಚಿಲ್ಲರೆ ಜೋಡಿಸುತ್ತ, "ಎಳೆದು ನೋಡುದು ಒಳ್ಳೆದೇ ಅಲ್ವಾ ಅಣ್ಣಾ? ಹರಿಯುದಾದರೆ ಅಲ್ಲಿಯೇ ಹರಿಯಲಿ. ಮಗುವಿನ ಮೈಮೇಲೆ ಬೇಡ" ಎಂದರು. ಅಷ್ಟಕ್ಕೆ ಮಾತು ಮುಗಿಯಿತು.

ತಪಾಸಣೆ ಕೋಣೆಯ ಮುಖ್ಯಸ್ಥೆ ಕೋಮಳಮ್ಮ. ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ನೆಲೆನಿಂತ ವೈಷ್ಣವ ಮನೆತನದವರು. ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಕಟ್ಟುನಿಟ್ಟಿನ ಮುಖ, ಗಟ್ಟಿ ದನಿ. ಅವರ ಕನ್ನಡದಲ್ಲಿ ಅರ್ಧ ತಮಿಳಿರುತ್ತಿತ್ತು. ಮೊದಲ ದಿನ ನನ್ನ ಕೈಗೊಂದು ಪುಟ್ಟ ಜಬಲಾ, ಅಂದರೆ ಎಳೆಕೂಸಿನ ಅಂಗಿ, ಕೊಟ್ಟು, "ಇದರಲ್ಲಿ ಏನಮ್ಮಾ ತಪ್ಪು? ನಲ್ಲಾ ನೋಡಿ ಹೇಳು" ಎಂದರು. ಹೊಲಿಗೆ ನೋಡಿದೆ, ಅಂಚು ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ತಪ್ಪೇನೂ ಇಲ್ಲ ಎಂದೆ. ಅವರು ಅಂಗಿಯನ್ನು ತೆಗೆದುಕೊಂಡು ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಗುಂಡಿ ಕಿತ್ತು ಬಂತು.

"ಕೂಸು ಕಣ್ಣಿಂದ ನೋಡಲ್ಲ ಶಾರದಾ, ಬಾಯಿಂದ ನೋಡತ್ತೆ. ಇನ್ನು ಮೇಲೆ ನೀನೂ ಹಾಗೇ ನೋಡಬೇಕು."

ನಾನು ಮಡಿ ಮೈಲಿಗೆ ಎಂದು ಬೆಳೆದವಳು. ಅಂಗಡಿಯ ಬಟ್ಟೆಯನ್ನು ಎಂಜಲು ಮಾಡುವುದೇ? ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ಮಡಿ ಗಿಡಿ ಎಲ್ಲಾ ಮನೇಲಿ ಇಟ್ಕೋ. ಆಮೇಲೆ ಒಗೆದು ಇಸ್ತ್ರಿ ಹಾಕಿಯೇ ಕೆಳಗೆ ಕಳಿಸೋದು, ಬಯಪಡಬೇಡ" ಎಂದರು. ಒಂದು ವಾರ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಆಮೇಲೆ ನಾನೇ ಎಲ್ಲರಿಗಿಂತ ಜೋರಾಗಿ ಕಚ್ಚುವವಳಾದೆ, ಆ ಮಾತು ಬೇರೆ.

ಅವರ ಕಾನೂನುಗಳನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ. ಎಲ್ಲವೂ ಅವರ ಬಾಯಲ್ಲಿದ್ದವು, ನಮ್ಮ ಬೆನ್ನಿಗೆ ಬೀಳುತ್ತಿದ್ದವು. ಕುಲಾವಿಯ ಲಾಡಿ ಗಲ್ಲದ ಕೆಳಗೆ ಒಂದು ಗಂಟಿಗೆ ಸಾಕಾಗಬೇಕು, ತೊಟ್ಟಿಲ ಕೊಕ್ಕೆಗೆ ಸಿಕ್ಕುವಷ್ಟು ಉದ್ದ ಇರಕೂಡದು. ಅಂಗಿಯ ಕುತ್ತಿಗೆಗೆ ಲಾಡಿಯೇ ಬೇಡ. ಟಿಚ್ ಬಟನ್ನನ್ನು ಮೊದಲು ಉಪ್ಪುನೀರಿನಲ್ಲಿ ನೆನೆಸಬೇಕು, ತುಕ್ಕು ಕಂಡರೆ ಆ ಪೆಟ್ಟಿಗೆಯೇ ವಾಪಸ್ಸು. ಚೀಟಿಯನ್ನು ಕತ್ತಿನ ಹಿಂದೆ ಹೊಲಿಯುವಂತಿಲ್ಲ, ಎಳೆ ಚರ್ಮಕ್ಕೆ ಚುಚ್ಚುತ್ತದೆ. ಪಕ್ಕದ ಹೊಲಿಗೆಯಲ್ಲಿ, ಹೊರಮುಖವಾಗಿ ಇರಬೇಕು. ಅಂದಗೆಡುತ್ತದೆ ಎಂದು ಮುದಲಾಳಿ ಗೊಣಗಿದಾಗ, "ಒಂದು ದಿನ ನಿಮ್ಮ ಷರಟಿನ ಕಾಲರಿನಲ್ಲಿ ಒಂದು ಹುಲ್ಲುಕಡ್ಡಿ ಇಟ್ಕೊಂಡು ಕೂತಿರಿ" ಎಂದಿದ್ದರು.

ಮುರಿದ ಸೂಜಿಯ ಕಾನೂನು ಎಲ್ಲಕ್ಕಿಂತ ಕಠಿಣ. ಹೊಲಿಗೆ ಯಂತ್ರದ ಸೂಜಿ ಮುರಿದರೆ ಅಷ್ಟೂ ಚೂರುಗಳನ್ನು ತಂದು ಜೋಡಿಸಿ ತೋರಿಸಿದ ಮೇಲೆಯೇ ಹೊಸ ಸೂಜಿ. ನಮ್ಮ ಹಿರಿಯ ಟೈಲರ್ ಕಾದರ್ ಭಾಯಿಯ ಸೂಜಿ ಒಮ್ಮೆ ಮುರಿದು, ಮೊನೆ ಸಿಗಲಿಲ್ಲ. ದೀಪಾವಳಿಯ ಮುಂಚಿನ ವಾರ, ಕೆಳಗೆ ಗಿರಾಕಿಗಳ ಗದ್ದಲ. ಕೋಮಳಮ್ಮ ಮಹಡಿಯ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಹೊಲಿದ ಫ್ರಾಕುಗಳ ರಾಶಿಯನ್ನೆಲ್ಲ ನೆಲಕ್ಕೆ ಸುರಿದು ನಮ್ಮನ್ನು ಹುಡುಕಲು ಕೂರಿಸಿದರು. ಕಾದರ್ ಭಾಯಿ ಬೆವರು ಒರೆಸಿಕೊಳ್ಳುತ್ತ, "ಅಮ್ಮಾ, ಅಷ್ಟು ಚಿಕ್ಕದು, ಎಲ್ಲೋ ಬಿದ್ದುಹೋಗಿರುತ್ತೆ" ಎಂದರು. "ಎಲ್ಲೋ ಅಂದ್ರೆ ಎಲ್ಲಿ ಭಾಯ್? ಆ ಜಾಗ ಹೇಳಿ, ಬಿಟ್ಟುಬಿಡ್ತೀನಿ" ಎಂದರು ಇವರು. ಸಂಜೆ ಒಂದು ನೆರಿಗೆಯ ಒಳಗೆ ಅದು ಸಿಕ್ಕಿತು. ಕಾದರ್ ಭಾಯಿ ಆ ಫ್ರಾಕನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದು ನೆರಿಗೆಯನ್ನೂ ಮತ್ತೊಮ್ಮೆ ತಡವಿ ನೋಡಿದರು. ಅವರ ಮನೆಯಲ್ಲೂ ಆ ಅಳತೆಯ ಮೊಮ್ಮಗಳಿದ್ದಳು.

ಅಳತೆಯ ಚೀಟಿಯದ್ದು ಬೇರೆಯೇ ರಾಮಾಯಣ. ಮೊದಲು ನಾವು ಚೀಟಿಯ ಮೇಲೆ ವಯಸ್ಸು ಬರೆಯುತ್ತಿದ್ದೆವು: ಆರು ತಿಂಗಳು, ಒಂದು ವರ್ಷ. ಒಂದೇ ವರ್ಷದ ಮಕ್ಕಳಲ್ಲಿ ಒಂದು ಕಡ್ಡಿ, ಒಂದು ಕುಂಬಳಕಾಯಿ. ಬಿಗಿಯಾದ ಅಂಗಿಗೆ ಮಗುವಿನ ಕೈ ತುರುಕಿ ಅಳಿಸುವುದನ್ನು ನೋಡಲಾಗದೆ ಕೋಮಳಮ್ಮ ಎದೆಯ ಸುತ್ತಳತೆ ಬರೆಸಿದರು. ಸರಿ, ಅಳತೆ ಬೇಕಲ್ಲ? ನಾನು ಟೇಪು ಹಿಡಿದು ಒಂದು ಗುಂಡು ಕೂಸಿನ ಹತ್ತಿರ ಹೋದೆನೋ ಇಲ್ಲವೋ, ಅದರ ಪಾಟಿ, ಅಂದರೆ ಅಜ್ಜಿ, ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಕೂಗಾಡಿದರು. ಮಗುವನ್ನು ಅಳೆದರೆ ದೃಷ್ಟಿ ತಾಗುತ್ತದೆ, ಬೆಳವಣಿಗೆ ನಿಂತುಹೋಗುತ್ತದೆ ಎಂದು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಳೆಯದಿದ್ದರೂ ನಿಮ್ಮ ಮೊಮ್ಮಗ ದಪ್ಪಗಿರೋದು ಬೀದಿಗೆಲ್ಲ ಕಾಣತ್ತೆ" ಎಂದುಬಿಟ್ಟೆ. ಅವರು ನೆಟಿಗೆ ಮುರಿದು, ನನಗೆ ಶಾಪ ಹಾಕಿ ಹೋದರು.

ಕೋಮಳಮ್ಮ ನನಗೆ ಚೆನ್ನಾಗಿ ಬೈದರು. ಮರುದಿನದಿಂದ ಗಿರಾಕಿಗಳಿಗೆ, "ಕೂಸನ್ನ ಕರೆತರಬೇಡಿ. ಅದರ ಹಳೇ ಅಂಗಿ ಒಂದು ತನ್ನಿ" ಎನ್ನಲು ಹೇಳಿಕೊಟ್ಟರು. ಹಳೆಯ ಅಂಗಿಯನ್ನು ಅಳೆದರೆ ಯಾರ ದೃಷ್ಟಿಯೂ ಇಲ್ಲ, ಯಾರ ಶಾಪವೂ ಇಲ್ಲ. ಜನರ ನಂಬಿಕೆಯನ್ನು ಕಂಡು ನಗುವುದು ನನ್ನ ಅಭ್ಯಾಸವಾಗಿತ್ತು. ಅದಕ್ಕೊಂದು ದಾರಿ ಹುಡುಕುವುದು ಅವರ ಅಭ್ಯಾಸವಾಗಿತ್ತು. ಹೊಸಬರು ಕಲಿಯುವುದಾದರೆ ಅವರಿಂದ ಕಲಿಯಿರಿ.

ಆಮೇಲೆ ನೈಲಾನ್ ಬಂತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅದರ ಹುಚ್ಚು ಕೇಳಬೇಡಿ! ಒಗೆದರೆ ಕ್ಷಣದಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಮಿರಮಿರ ಮಿನುಗುತ್ತದೆ. ಮುದಲಾಳಿ ದೀಪಾವಳಿಗೆಂದು ನೈಲಾನ್ ಫ್ರಾಕುಗಳನ್ನು ರಾಶಿ ಹೊಲಿಸಿದರು. ಕೋಮಳಮ್ಮ ಅವರ ಕೋಣೆಗೆ ಹೋಗಿ ಒಂದು ತುಂಡನ್ನು ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದರು. ಬಟ್ಟೆ ಉರಿದು ಬೂದಿಯಾಗಲಿಲ್ಲ. ಕರಗಿ, ತೊಟ್ಟಿಕ್ಕಿ, ಕೆಳಗಿಟ್ಟ ತಟ್ಟೆಗೆ ಅಂಟಿಕೊಂಡಿತು. "ಇದನ್ನ ತಟ್ಟೆಯಿಂದ ಕೀಳಿ ನೋಡೋಣ" ಎಂದರು. ಮುದಲಾಳಿ ಉಗುರಿನಿಂದ ಕಿತ್ತರು, ಬರಲಿಲ್ಲ. "ಮತ್ತಾಪಿನ ಕಿಡಿ ಬಿದ್ರೆ ಕೂಸಿನ ಚರ್ಮಕ್ಕೂ ಹೀಗೇ ಹಿಡಿಯತ್ತೆ" ಎಂದು ಹೇಳಿ ಹೊರಗೆ ಬಂದುಬಿಟ್ಟರು. ಆ ವರ್ಷ ಚಿಕ್ಕ ಮಕ್ಕಳ ಅಳತೆಯ ನೈಲಾನ್ ಹಬ್ಬ ಮುಗಿಯುವ ತನಕ ಕಪಾಟಿನಿಂದ ಹೊರಗೆ ಬರಲಿಲ್ಲ. ದೊಡ್ಡ ಮಕ್ಕಳ ಫ್ರಾಕಿಗೆ 'ಪಟಾಕಿ ಹಚ್ಚುವಾಗ ತೊಡಿಸಬೇಡಿ' ಎಂಬ ಚೀಟಿ ಬಂತು. ಹಬ್ಬದ ಉಡುಪಿನ ಮೇಲೆ ಹಬ್ಬದಂದು ತೊಡಿಸಬೇಡಿ ಎಂದು ಬರೆದ ಅಂಗಡಿ ನಮ್ಮದೊಂದೇ ಇರಬೇಕು. ಮುದಲಾಳಿಯನ್ನೂ ನಾನು ಮೆಚ್ಚುತ್ತೇನೆ. ಬೈದುಕೊಂಡರೂ ಕೋಮಳಮ್ಮನ ಮಾತು ತೆಗೆದುಹಾಕಲಿಲ್ಲ.

ಒಮ್ಮೆ ಮಾತ್ರ ತೆಗೆದುಹಾಕಿದರು. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಇನ್ನೂ ಏನೇನೋ ಪಾಲಿಶ್ ಇರುತ್ತದೆ. ಒಗೆಯದೆ ತೊಡಿಸಿದರೆ ಎಳೆಮಕ್ಕಳ ಕತ್ತು ಕಂಕುಳಲ್ಲಿ ಗುಳ್ಳೆ ಏಳುತ್ತವೆ. "ನಮ್ಮ ಹಿರಿಯರು ಹುಟ್ಟಿದ ಕೂಸಿಗೆ ತಾತನ ಹಳೇ ಪಂಚೆ ಹರಿದು ಸುತ್ತುತ್ತಿದ್ದರು, ಹೊಸ ಬಟ್ಟೆ ಮುಟ್ಟಿಸ್ತಿರಲಿಲ್ಲ. ಜಿಪುಣತನ ಅಲ್ಲಮ್ಮಾ ಅದು, ಬುದ್ಧಿ" ಎನ್ನುತ್ತಿದ್ದರು ಕೋಮಳಮ್ಮ. ಆ ಬುದ್ಧಿಯನ್ನೇ ಒಂದು ಸಾಲಿನಲ್ಲಿ ಬರೆದು ಪ್ರತಿಯೊಂದು ಜಬಲಾಕ್ಕೂ ಹೊಲಿಸಿದರು: 'ಸೋಪು ಹಾಕಿ ಒಮ್ಮೆ ಒಗೆದು ತೊಡಿಸಿ. ಬಣ್ಣ ಹೋಗುವುದಿಲ್ಲ.' ತಮಿಳಿನಲ್ಲಿ ಒಂದು ಕಡೆ, ಇಂಗ್ಲಿಷಿನಲ್ಲಿ ಇನ್ನೊಂದು ಕಡೆ. ಬಣ್ಣ ಹೋಗುವುದಿಲ್ಲ ಎಂದು ಧೈರ್ಯವಾಗಿ ಬರೆದದ್ದು ಏಳುಮಲೈಯವರನ್ನು ನಂಬಿ.

ಏಳುಮಲೈ ನಮಗೆ ಬಣ್ಣ ಹಾಕಿಕೊಡುವವರು. ತಿರುವೊಟ್ಟಿಯೂರಿನಲ್ಲಿ ಅವರ ತಂದೆ ಕಟ್ಟಿದ ಬಣ್ಣದ ಶೆಡ್ಡು. ನಾಲ್ಕಾರು ಹಂಡೆ, ಅಣ್ಣತಮ್ಮಂದಿರು, ಹೆಂಡತಿ. ಬಿಳಿಯ ಜಬಲಾದ ಕುತ್ತಿಗೆ, ತೋಳು, ಕೆಳಗಿನ ಮಡಿಕೆಗೆ ಕಟ್ಟುವ ಕೆಂಪು ಪಟ್ಟಿ ಅವರದ್ದು. ಬೇರೆ ಅಂಗಡಿಗಳ ಕೆಲಸ ಬಿಟ್ಟು ನಮ್ಮದನ್ನೇ ನಂಬಿಕೊಂಡಿದ್ದರು. ಅವರ ತಂದೆಯ ಕಾಲದಿಂದಲೂ ಬಂದ ಪ್ರತಿ ಕಂತನ್ನೂ ಕೋಮಳಮ್ಮ ಕುದಿಸಿ ನೋಡಿಯೇ ಒಳಗೆ ಬಿಡುತ್ತಿದ್ದರು.

ಹೊಸ ಚೀಟಿ ಹೊಲಿದು ಕೆಲವು ವಾರಗಳಾಗಿರಬಹುದು. ಮೈಲಾಪುರದ ಒಬ್ಬ ವಕೀಲರ ಹೆಂಡತಿ ಜಬಲಾವನ್ನು ತಂದು ಕೌಂಟರಿನ ಮೇಲೆ ಎಸೆದರು. ಮಡಿಕೆಯ ಹತ್ತಿರ ಇಟ್ಟಿಗೆ ಬಣ್ಣದ ಕಲೆ. "ನೀರೆಲ್ಲ ರಕ್ತದ ಹಾಗೆ ಕೆಂಪಾಯಿತು! ಮಗುವಿಗೆ ವಿಷ ಉಡಿಸುತ್ತೀರಾ? ಮೇಲೆ ಚೀಟಿ ಬೇರೆ!" ಎಂದು ತಮಿಳಿನಲ್ಲಿ ಕಿರುಚಿದರು. ಅಂಗಡಿ ತುಂಬ ಜನ. ಅದೇ ವಾರ ಇನ್ನೊಂದು ಬಂತು, ಮತ್ತೊಂದು ಬಂತು. ಎಲ್ಲದರಲ್ಲೂ ಅದೇ ಕಲೆ, ಕೆಂಪು ಪಟ್ಟಿಯ ಪಕ್ಕದಲ್ಲಿ.

ಕೋಮಳಮ್ಮ ಏಳುಮಲೈಯವರ ಕೆಂಪು ಪಟ್ಟಿಯನ್ನು ಬಿಳಿ ಬಟ್ಟೆಯ ಜೊತೆ ಸೋಪಿನ ನೀರಿನಲ್ಲಿ ಕುದಿಸಿದರು. ಬಿಳಿ ಬಿಳಿಯಾಗಿಯೇ ಉಳಿಯಿತು. ಮತ್ತೆ ಕುದಿಸಿದರು, ಮತ್ತೆ ಅದೇ. "ಬಣ್ಣ ನಿಂತಿದೆ, ಸ್ವಲ್ಪ ತಡೀರಿ" ಎಂದು ಮುದಲಾಳಿಗೆ ಹೇಳಿದರು. ಮುದಲಾಳಿ ಕೇಳಲಿಲ್ಲ. "ನಿಮ್ಮ ಪಾತ್ರೆಯಲ್ಲಿ ನಿಂತರೆ ಏನು ಬಂತು? ಗಿರಾಕಿಯ ಮನೆಯಲ್ಲಿ ಹೋಗುತ್ತಿದೆಯಲ್ಲ!" ಎಂದು ಏಳುಮಲೈಗೆ ಆಳು ಕಳಿಸಿ, ಇನ್ನು ಬಣ್ಣ ಬೇಡ ಎಂದರು. ಮಾತು ಬೇರೆ ಅಂಗಡಿಗಳಿಗೂ ಹಬ್ಬಿತು. ಮಕ್ಕಳ ಬಟ್ಟೆಗೆ ಕಚ್ಚಾ ಬಣ್ಣ ಹಾಕಿದವನೆಂಬ ಹೆಸರು ಬಂದರೆ ಆ ಊರಿನಲ್ಲಿ ಯಾರೂ ಅವನಿಗೆ ಒಂದು ಕೈವಸ್ತ್ರವನ್ನೂ ಕೊಡುತ್ತಿರಲಿಲ್ಲ.

ಏಳುಮಲೈ ಬಂದು ಮಹಡಿಯ ಬಾಗಿಲಲ್ಲಿ ನಿಂತರು. ಜಗಳವಾಡಲಿಲ್ಲ. "ಅಮ್ಮಾ, ನಾನು ಮಾಡಿದ್ದು ನನಗೆ ಗೊತ್ತು. ಎಲ್ಲಿ ತಪ್ಪಿತು ಎಂದು ಹೇಳಿದರೆ ಸಾಕು, ಒಲೆ ಆರಿಸಿ ಸುಮ್ಮನಿರುತ್ತೇನೆ" ಎಂದರು. "ನನಗೂ ಗೊತ್ತಿಲ್ಲ. ಹುಡುಕ್ತೀನಿ" ಎಂದರು ಕೋಮಳಮ್ಮ. ಗೊತ್ತಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ಅಳುವೇ ಬಂತು.

ಮರುದಿನ ಅವರು ನನ್ನನ್ನು ಕರೆದುಕೊಂಡು ಮೈಲಾಪುರಕ್ಕೆ, ಆ ವಕೀಲರ ಮನೆಗೇ ಹೊರಟರು. ಬಾಗಿಲು ತೆರೆದ ವಕೀಲರ ಹೆಂಡತಿ ಹುಬ್ಬು ಗಂಟಿಕ್ಕಿದರು. "ಬಟ್ಟೆಗೆ ಏನಾದರೂ ಹಚ್ಚಿದಿರಾ?" ಎಂದು ಕೇಳಿದರೆ, "ಏನೂ ಇಲ್ಲ! ಚೀಟಿಯಲ್ಲಿದ್ದ ಹಾಗೇ ಮಾಡಿದೆವು" ಎಂದರು. ಉಳಿದ ಮನೆಯವರೂ ಅಂಗಡಿಯಲ್ಲಿ ಅದನ್ನೇ ಹೇಳಿದ್ದರು. ಆಗ ಕೋಮಳಮ್ಮ ಚೀಲದಿಂದ ಒಂದು ಹೊಸ ಜಬಲಾ ತೆಗೆದು ಮನೆಯ ಅಜ್ಜಿಯ ಕೈಗೆ ಕೊಟ್ಟು, "ಮಾಮಿ, ಇದು ನಿಮ್ಮ ಮೊಮ್ಮಗನಿಗೆ. ಅಂಗಡಿಯಿಂದ ಈಗ ತಾನೇ ತಂದಿದ್ದೀರಿ ಅಂದ್ಕೊಳ್ಳಿ. ಮೊದಲಿಂದ ಏನೇನು ಮಾಡಿದಿರೋ ನನ್ನ ಮುಂದೆ ಮಾಡಿ" ಎಂದರು.

ಅಜ್ಜಿ ಜಬಲಾ ತೆಗೆದುಕೊಂಡು ನೇರವಾಗಿ ದೇವರ ಕೋಣೆಗೆ ಹೋದರು. ಬಟ್ಟಲಿನಲ್ಲಿದ್ದ ಅರಿಶಿನವನ್ನು ಬೆರಳಲ್ಲಿ ತೆಗೆದು ಕೆಳಗಿನ ಮಡಿಕೆಗೆ ಹಚ್ಚಿ, ದೇವರ ಮುಂದಿಟ್ಟು, ಕೈಮುಗಿದು, ಹಿತ್ತಿಲಿಗೆ ತಂದು ಒದ್ದೆ ಮಾಡಿ ಬಾರ್ ಸೋಪು ಉಜ್ಜಿದರು. ನಮ್ಮ ಕಣ್ಣೆದುರೇ ಹಳದಿ ಭಗ್ಗನೆ ಕೆಂಪಾಗಿ ನೀರಿಗೆ ಇಳಿಯಿತು.

"ಪಾರುಂಗೋ, ನೋಡಿ! ನಾನು ಹೇಳಲಿಲ್ಲವಾ?" ಎಂದರು ಅಜ್ಜಿ, ಗೆದ್ದ ಖುಷಿಯಲ್ಲಿ.

ಕೋಮಳಮ್ಮ ಹಣೆ ಹಣೆ ಚಚ್ಚಿಕೊಂಡರು. "ಅಡ ಕಡವುಳೇ, ದೇವರೇ! ಮಾಮಿ, ಏನೂ ಹಚ್ಚಿಲ್ಲ ಅಂದ್ರಲ್ಲ?"

"ಏನು ಹಚ್ಚಿದೆ? ಅರಿಶಿನ ತಾನೇ ಇಟ್ಟದ್ದು!"

ನೋಡಿ ನಮ್ಮ ಚಂದ! ನಮ್ಮವರ ಯಾವ ಮನೆಯಲ್ಲಿ ಕೇಳಿದರೂ ಅದೇ ಉತ್ತರ. ಅರಿಶಿನ ಇಡುವುದೆಂದರೆ ಬಟ್ಟೆಗೆ ಏನೋ ಹಚ್ಚಿದ ಲೆಕ್ಕವೇ ಅಲ್ಲ. ಹೊಸ ಬಟ್ಟೆ ಮನೆಗೆ ಬಂತೆಂದರೆ ಕೈ ತಾನಾಗಿ ಅರಿಶಿನದ ಬಟ್ಟಲಿಗೆ ಹೋಗುತ್ತದೆ. ಕೋಮಳಮ್ಮನ ಮನೆಯಲ್ಲೂ ಅದೇ, ನಮ್ಮ ಮನೆಯಲ್ಲೂ ಅದೇ. ಇಷ್ಟಕ್ಕೂ ಅರಿಶಿನಕ್ಕೆ ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡುವವರು ನಾವೇ, ಪ್ರತಿ ಶುಭಕಾರ್ಯದಲ್ಲಿ! ಸೋಪಿನಲ್ಲೂ ಸುಣ್ಣದಂಥದ್ದೇ ಕ್ಷಾರ ಇರುತ್ತದೆಂದು ಮಹಡಿಯ ಅಷ್ಟು ಹೆಂಗಸರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಮೊದಲೆಲ್ಲ ಅರಿಶಿನ ಇಟ್ಟು ಹಾಗೆಯೇ ತೊಡಿಸುತ್ತಿದ್ದರು. ಒಗೆಯುವ ಹೊತ್ತಿಗೆ ಬಿಸಿಲಿಗೆ ಅದು ಮಾಸಿಹೋಗಿರುತ್ತಿತ್ತು. ಈಗ ಹಸಿ ಅರಿಶಿನದ ಮೇಲೆ ಸೋಪು ಹಾಕಿಸಿದ್ದು ನಮ್ಮ ಚೀಟಿ.

ನಾನು ನಗುತ್ತಿದ್ದೆ. ಕೋಮಳಮ್ಮ ನಗುತ್ತಿರಲಿಲ್ಲ. "ಏಳುಮಲೈ ಒಲೆ ಆರಿಸಿದ್ದಾರೆ ಶಾರದಾ" ಎಂದರು.

ಅಂಗಡಿಗೆ ಬಂದವರೇ ಮುದಲಾಳಿಯ ಮುಂದೆ ನಿಂತು, ಆದದ್ದನ್ನು ಹೇಳಿ, ಹೊಸ ಚೀಟಿಯ ಒಕ್ಕಣೆ ಕೊಟ್ಟರು: 'ಮೊದಲು ಒಗೆಯಿರಿ. ಅರಿಶಿನ ಆಮೇಲೆ ಇಡಿ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ, ಅದು ಬಟ್ಟೆಯ ಬಣ್ಣವಲ್ಲ.' ಬಟ್ಟೆಯ ಚೀಟಿಯಲ್ಲಿ ಅರಿಶಿನದ ಮಾತು ಬರೆದರೆ ದೊಡ್ಡ ಅಂಗಡಿಯವರು ನಗುತ್ತಾರೆ ಎಂದು ಮುದಲಾಳಿ ತಲೆ ಕೆರೆದುಕೊಂಡರು. ಅರಿಶಿನ ಇಡಬೇಡಿ ಎಂದು ಚಿಕ್ಕದಾಗಿ ಬರೆದರೆ ಸಾಲದೇ ಎಂದರು.

"ಇಡಬೇಡಿ ಅಂದ್ರೆ ಯಾರೂ ಬಿಡಲ್ಲ, ನಾನೂ ಬಿಡಲ್ಲ. ಹರಸಿ ಇಡುವ ಅರಿಶಿನ ಅದು. ಕೊನೇ ಸಾಲು ಮಾತ್ರ ತೆಗೀಬೇಡಿ, ಅದು ಏಳುಮಲೈ ಮಾನ" ಎಂದರು ಕೋಮಳಮ್ಮ. ಮುದಲಾಳಿ ಒಪ್ಪಿದರು. ಏಳುಮಲೈಗೆ ಆಳು ಕಳಿಸುತ್ತೇನೆ ಎಂದೂ ಹೇಳಿದರು. "ಬೇಡ ಅನ್ನೋಕೆ ಆಳು ಕಳಿಸಿದಿರಿ. ಇದಕ್ಕೆ ನಾನೇ ಹೋಗ್ತೀನಿ" ಎಂದು ಕೋಮಳಮ್ಮ ಚೀಲ ಹೆಗಲಿಗೆ ಹಾಕಿದರು.

ಬಸ್ಸು ಬದಲಾಯಿಸಿ ತಿರುವೊಟ್ಟಿಯೂರು ಸೇರಿದೆವು. ಶೆಡ್ಡಿನಲ್ಲಿ ಹಂಡೆಗಳನ್ನು ತೊಳೆದು ಬೋರಲು ಹಾಕಿದ್ದರು. ತಮ್ಮಂದಿರು ಯಾವುದೋ ಕಾರ್ಖಾನೆಯ ಬಾಗಿಲಿಗೆ ಕೆಲಸ ಕೇಳಲು ಹೋಗಿದ್ದರು. ಏಳುಮಲೈ ಎದ್ದು ನಿಂತು, ಹೆಗಲ ಟವೆಲಿನಿಂದ ಕಲ್ಲು ಒರೆಸಿ ಕೂರಲು ಹೇಳಿದರು. ಕೋಮಳಮ್ಮ ಕೂರಲಿಲ್ಲ. ಅರಿಶಿನದ ಕತೆಯನ್ನು ಒಂದನ್ನೂ ಬಿಡದೆ ನಿಂತೇ ಹೇಳಿದರು. "ತಪ್ಪು ನಿಮ್ಮ ಬಣ್ಣದ್ದಲ್ಲ. ನಾನು ಬರೆದ ಚೀಟಿಯದು. ಮನ್ನಿಸಬೇಕು" ಎಂದು ತಮಿಳಿನಲ್ಲಿ ಹೇಳಿ ಕೈ ಜೋಡಿಸಿದರು. ಮುದಲಾಳಿಯ ಮುಂದೆಯೂ ಬಗ್ಗದ ಹೆಂಗಸು!

ಏಳುಮಲೈಯವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅರಳಲಿಲ್ಲ. ಅವರು ನೆಲ ನೋಡುತ್ತ, "ಕಲೆ ಬಿತ್ತು ಅಂತ ಹೇಳೋಕೆ ಅದೇ ದಿನ ಆಳು ಬಂದ. ಇಷ್ಟು ವರ್ಷ ನೀವು ನನ್ನ ಬಣ್ಣ ಕುದಿಸಿ ಕುದಿಸಿ ನೋಡಿದ್ರಲ್ಲ ಅಮ್ಮಾ, ಅದು ನಿಂತಿತು ಅಂತ ಒಂದು ದಿನವಾದರೂ ಯಾರಾದರೂ ಬಂದು ಹೇಳಿದರಾ? ನಮ್ಮಪ್ಪ ಅದನ್ನ ಕೇಳದೇನೇ ಹೋದರು" ಎಂದರು.

ಕೋಮಳಮ್ಮನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಅವರ ಎದುರಿಗೆ ಸರಿದು ನಿಂತು, ಗುಂಡಿ ಕಿತ್ತಾಗ ನಮ್ಮನ್ನು ಬೈಯುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಹೇಳಿದರು. "ಏಳುಮಲೈ, ನಿಮ್ಮ ಕೆಂಪು ನಿಂತಿದೆ. ನಿಮ್ಮಪ್ಪನ ಕೆಂಪೂ ನಿಂತಿತ್ತು. ಒಂದು ಸಲವೂ ಹೋಗಲಿಲ್ಲ."

ಏಳುಮಲೈ ಟವೆಲನ್ನು ತಲೆಗೆ ಸುತ್ತಿಕೊಂಡು, ಬೋರಲು ಹಾಕಿದ್ದ ದೊಡ್ಡ ಹಂಡೆಯನ್ನು ಎತ್ತಿ ನಿಲ್ಲಿಸಿದರು. ಆಮೇಲೆ ಒಳಗೆ ತಿರುಗಿ, ಸೌದೆ ತರುವಂತೆ ಹೆಂಡತಿಯನ್ನು ಕೂಗಿದರು.